ಒಂದೇ ಗೋಣಿಮರದಿಂದ ಕೊಂಬೆ ತಂದಿದ್ದು ನನ್ನ ತಪ್ಪು

ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನಲ್ಲಿದೆ. ಎತ್ತ ನೋಡಿದರೂ ಮಾವು, ಅದು ಬಿಟ್ಟರೆ ನೀಲಗಿರಿ. ಗುಂಡುತೋಪಿನ ಹಳೇ ಹುಣಸೆಗಳ ನಡುವೆ ಒಂದು ಗೋಣಿಮರ, ಕೆರೆ ಕೋಡಿ ಹತ್ತಿರ ಎರಡು ಅತ್ತಿಮರ ಇವೆ. ಗೋಣಿ, ಅತ್ತಿ ಎರಡೂ ಆಲದ ಬಳಗದವು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಆಹಾರ ಜಾಲದ ಪಾಠ ಬಂದಾಗ ಪರಿಸರ ವಿಜ್ಞಾನಿ ರಾಬರ್ಟ್ ಪೇನ್ ಅವರ ಕಥೆ ಹೇಳುತ್ತಿದ್ದೆ. ಅಮೆರಿಕದ ಪಶ್ಚಿಮ ಕರಾವಳಿಯ ಬಂಡೆಗಳಿಂದ ಅವರು 1963ರಲ್ಲಿ ನಕ್ಷತ್ರಮೀನುಗಳನ್ನು ಕಿತ್ತು ಎಸೆಯತೊಡಗಿದರು. ತಿನ್ನೋರಿಲ್ಲದೆ ಕಪ್ಪೆಚಿಪ್ಪುಗಳು ಬಂಡೆ ತುಂಬಿಕೊಂಡವು. 15 ಬಗೆಯ ಜೀವಿಗಳಿದ್ದ ಜಾಗದಲ್ಲಿ ಉಳಿದದ್ದು 8. ಕಮಾನಿನ ನಡುಗಲ್ಲು ತೆಗೆದ ಹಾಗೆ! ಆ ಕಲ್ಲಿನ ಇಂಗ್ಲಿಷ್ ಹೆಸರು 'ಕೀಸ್ಟೋನ್' ಅನ್ನೇ ಅವರು 1969ರಲ್ಲಿ ಇಂಥ ಜೀವಿಗೆ ಇಟ್ಟರು. ಒಬ್ಬ ಹುಡುಗ ಎದ್ದು, "ನಮ್ಮೂರಲ್ಲಿ ಯಾವುದು ಸಾರ್ ಅದು?" ಅಂದ. ಉತ್ತರ ಗೊತ್ತಿರಲಿಲ್ಲ.

ಅವತ್ತೇ ಒಂದು ನೋಟ್‌ಬುಕ್ ಶುರು ಮಾಡಿದೆ. ಪ್ರತಿ ಭಾನುವಾರ ಯಾವ ಮರದಲ್ಲಿ ಹಣ್ಣಿದೆ, ಯಾರು ತಿನ್ನುತ್ತಿದ್ದಾರೆ, ಅಷ್ಟೇ. ಮಾವು, ನೇರಳೆ ಮುಗಿದ ಮೇಲೂ ಅತ್ತಿಯಲ್ಲಿ ಗದ್ದಲ. ಕುಟ್ರುಹಕ್ಕಿ, ಗೊರವಂಕ, ಕೋಗಿಲೆ, ಅಳಿಲು. ಬೆಳಗ್ಗೆ ನೋಡಿದರೆ ಬುಡದಲ್ಲಿ ಬಾವಲಿ ಜಗಿದು ಉಗುಳಿದ ಸಿಪ್ಪೆ. ನೀಲಗಿರಿ ತೋಪಿನ ಪುಟ ಮಾತ್ರ ವರ್ಷಪೂರ್ತಿ ಖಾಲಿ.

ಹುಡುಗನ ಪ್ರಶ್ನೆಗೆ ಉತ್ತರ ಅತ್ತಿಯ ಬಳಗವೇ ಅನ್ನಿಸಿತು. ಸರಿ, ಅದೇ ಬಳಗದ ಗೋಣಿ ನೆಡೋಣ ಅಂತ ಹೊರಟೆ. ಮೊದಲು ನೆಟ್ಟ ಸಸಿಗಳನ್ನು ಮೇಕೆ ಮೇಯ್ದವು. ಊರಿನ ಹಿರಿಯರೊಬ್ಬರು ನಕ್ಕು, "ಸಸಿ ಯಾಕಪ್ಪಾ ಮೇಷ್ಟ್ರೇ, ಕೊಂಬೆ ನೆಡು" ಅಂದರು. ಮುಂಗಾರಿಗೆ ಮುಂಚೆ ಮುಂಗೈ ದಪ್ಪದ, ಆಳೆತ್ತರಕ್ಕಿಂತ ಉದ್ದದ ಕೊಂಬೆ ಕಡಿದೆವು. ಹಾಲು ಸೋರಿ ಒಣಗಲಿ ಅಂತ ಒಂದೆರಡು ದಿನ ನೆರಳಲ್ಲಿಟ್ಟು, ತುದಿಗೆ ಸಗಣಿ ಮೆತ್ತಿ, ಎರಡಡಿ ಆಳಕ್ಕೆ ನೆಟ್ಟು, ಸುತ್ತ ಜಾಲಿಮುಳ್ಳು ಕಟ್ಟಿದೆವು. ಹನ್ನೆರಡರಲ್ಲಿ ಏಳು ಚಿಗುರಿದವು. ನಾನು ಬೀಗಿದೆ.

ಆಮೇಲೆ ತಲೆಗೆ ಹೊಳೆಯಿತು. ಗೋಣಿ, ಅತ್ತಿ, ಆಲದ ಹೂವು ಇರುವುದು ಕಾಯಿಯ ಒಳಗೇ. ಸಾಸಿವೆಗಿಂತ ಸಣ್ಣ ಕಣಜವೊಂದು ನುಗ್ಗಿ ಪರಾಗ ಮುಟ್ಟಿಸಬೇಕು. ಅದರ ಆಯಸ್ಸು ಒಂದೆರಡು ದಿನ. ಹುಟ್ಟಿದ ಮರದಿಂದ ಹಾರಿದಾಗ ಇನ್ನೊಂದು ಮರ ಎಳೆಕಾಯಿ ಬಿಟ್ಟಿರಲೇಬೇಕು. ಈ ಮರಗಳು ಬೇರೆ ಬೇರೆ ಹೊತ್ತಿಗೆ ಕಾಯಿ ಬಿಡುವುದಕ್ಕೂ ಕಣಜ ಉಳಿಯುವುದಕ್ಕೂ ಹೀಗೆ ನಂಟು. ಹಕ್ಕಿಗಳಿಗೆ ಬರಗಾಲದಲ್ಲಿ ಹಣ್ಣು ಸಿಗುವುದೂ ಅದರಿಂದಲೇ. ನಾನೋ ಏಳು ಕೊಂಬೆಯನ್ನೂ ತೋಪಿನ ಒಂದೇ ಮರದಿಂದ ತಂದಿದ್ದೆ. ಅಂದರೆ ಏಳು ಜಾಗದಲ್ಲಿ ನಿಂತ ಒಂದೇ ಮರ! ಎಲ್ಲವೂ ಒಟ್ಟಿಗೆ ಕಾಯಿ ಬಿಟ್ಟು ಒಟ್ಟಿಗೆ ಖಾಲಿಯಾದರೆ?

ಮುಂದಿನ ವರ್ಷ ಮುಳಬಾಗಿಲು, ಚಿಂತಾಮಣಿ ಕಡೆಯ ನೆಂಟರ ಊರುಗಳಿಂದ, ಬೇರೆ ಬೇರೆ ಮರದ ಕೊಂಬೆ ತಂದೆ. ಬಸ್ಸಿನ ಮೇಲೆ ಹಾಕಲು ಕಂಡಕ್ಟರ್ ಜೊತೆ ಜಗಳ ಬೇರೆ.

ಹೋದ ಕಾರ್ತಿಕದಲ್ಲಿ ಚಿಂತಾಮಣಿಯ ಕೊಂಬೆ ಮೊದಲ ಸಲ ಕಾಯಿ ಬಿಟ್ಟಿತು. ತೋಪಿನ ಹಳೇ ಮರ ಆಗ ಬರಿದಾಗಿತ್ತು. ಒಂದು ಕಾಯಿ ಸೀಳಿ ನೋಡಿದೆ. ಒಳಗೆ ಕಣಜಗಳು ಪಿತಪಿತ ಅನ್ನುತ್ತಿದ್ದವು.