ಪೊಲೀಸರ ಮೇಲಿನ ದೂರನ್ನು ಮುಕ್ತಾಯ ಮಾಡಿದ್ದಾರಾ? ಮೇಲ್ಮನವಿ ಹೀಗೆ ಬರೆಯಿರಿ

ಪೊಲೀಸರ ಮೇಲೆ ದೂರು ಕೊಟ್ಟವರಲ್ಲಿ ಎಷ್ಟೋ ಜನರಿಗೆ ಕೊನೆಗೆ ಸಿಗುವುದು ಒಂದು ಹಾಳೆಯ ಹಿಂಬರಹ. ‘ವಿಚಾರಣೆಯಲ್ಲಿ ಆರೋಪ ಸಾಬೀತಾಗದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.’ ಕೆಳಗೊಂದು ಸಹಿ, ಸೀಲು. ನಾನು ಕೋರ್ಟ್ ಪಕ್ಕ ಅರ್ಜಿ ಟೈಪ್ ಮಾಡಿಕೊಡುವವಳು. ಆ ಹಾಳೆ ಹಿಡಿದು ಬರುವವರು ಎಲ್ಲಾ ಮುಗಿದೇ ಹೋಯ್ತು ಅಂದುಕೊಂಡಿರುತ್ತಾರೆ. ಮುಗಿದಿಲ್ಲ. ಆದರೆ ಮುಂದಿನ ಅರ್ಜಿಯನ್ನು ಬೇರೆ ರೀತಿ ಬರೆಯಬೇಕು.

ಜಾಸ್ತಿ ಜನ ಹಳೇ ದೂರನ್ನೇ ಇನ್ನಷ್ಟು ಸಿಟ್ಟು ಸೇರಿಸಿ ಮತ್ತೆ ಬರೆಸುತ್ತಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ ಮೇಲಧಿಕಾರಿಯ ಟೇಬಲ್ ಮೇಲೆ ‘ಏನೂ ಆಗಿಲ್ಲ’ ಅನ್ನುವ ವರದಿ ಆಗಲೇ ಇದೆ. ಆ ವರದಿಯಲ್ಲಿ ಏನು ಬಿಟ್ಟಿದ್ದಾರೆ ಅನ್ನುವುದನ್ನು ನೀವು ತೋರಿಸಬೇಕು. ವಿಚಾರಣೆ ಮಾಡಿದವರು ಯಾರು? ಅದೇ ಠಾಣೆಯವರಾ? ಯಾರ ಹೇಳಿಕೆ ಪಡೆದರು? ನಿಮ್ಮ ಸಾಕ್ಷಿಗಳನ್ನು ಕರೆದರಾ?

ನನ್ನ ತಮ್ಮನನ್ನು ಗಾಡಿ ದಾಖಲೆ ನೆಪದಲ್ಲಿ ಠಾಣೆಗೆ ಕರೆದುಕೊಂಡು ಹೋಗಿ ಹೊಡೆದಿದ್ದರು. ಕಿವಿಯ ತಮಟೆಗೆ ಪೆಟ್ಟಾಗಿದೆ ಎಂದು ಸರ್ಕಾರಿ ಆಸ್ಪತ್ರೆಯವರು ಬರೆದುಕೊಟ್ಟರು. ಹಿಂಬರಹದಲ್ಲಿ ಆ ಚೀಟಿಯ ಸುದ್ದಿಯೇ ಇರಲಿಲ್ಲ. ಜೊತೆಗಿದ್ದ ಗೆಳೆಯನನ್ನು ಕೇಳಿರಲಿಲ್ಲ. ಹೇಳಿಕೆ ಕೊಟ್ಟವರೆಲ್ಲ ಅದೇ ಠಾಣೆಯ ಸಿಬ್ಬಂದಿ. ಎಸ್‌ಪಿಯವರಿಗೆ ಬರೆದ ಅರ್ಜಿಯಲ್ಲಿ ನಾವು ಹೊಡೆತದ ಕತೆಯನ್ನು ಎರಡೇ ಸಾಲಿಗೆ ಮುಗಿಸಿದೆವು. ಉಳಿದದ್ದೆಲ್ಲ ಹೀಗೆ: ‘ದೂರಿನೊಂದಿಗೆ ಗಾಯದ ಪ್ರಮಾಣಪತ್ರ ಲಗತ್ತಿಸಿದ್ದೆ. ವಿಚಾರಣೆಯಲ್ಲಿ ಅದನ್ನು ಪರಿಗಣಿಸಿಲ್ಲ. ಪ್ರತ್ಯಕ್ಷ ಸಾಕ್ಷಿಯ ಹೆಸರು, ವಿಳಾಸ ಕೊಟ್ಟಿದ್ದೆ. ಅವರಿಗೆ ನೋಟಿಸ್ ಕೊಟ್ಟಿಲ್ಲ. ಬೇರೆ ಉಪವಿಭಾಗದ ಅಧಿಕಾರಿಯಿಂದ ಮರುವಿಚಾರಣೆ ಮಾಡಿಸಬೇಕು.’ ಬೇರೆ ಡಿವೈಎಸ್‌ಪಿಯನ್ನು ನೇಮಿಸಿದರು. ಆ ಗೆಳೆಯನನ್ನು ಕೂರಿಸಿಕೊಂಡು ಹೇಳಿಕೆ ಬರೆಸಿಕೊಂಡರು.

ಮರುವಿಚಾರಣೆಗೆ ಕರೆದಾಗ ಒಂದು ಎಚ್ಚರ. ಹೇಳಿಕೆಯ ಕೊನೇ ಸಾಲನ್ನು ಓದದೆ ಸಹಿ ಹಾಕಬೇಡಿ. ‘ನನಗೆ ಮುಂದಿನ ಕ್ರಮದ ಅಗತ್ಯವಿರುವುದಿಲ್ಲ’ ಎಂದು ಸೇರಿಸಿದ್ದರೆ ನಿಮ್ಮ ಕೈಯಿಂದಲೇ ದೂರು ಮುಚ್ಚಿದ ಹಾಗೆ. ಆ ಸಾಲು ಹೊಡೆದು ಹಾಕಿಸಿ, ಪಕ್ಕದಲ್ಲಿ ಸಹಿ ಮಾಡಿ. ಒಪ್ಪದಿದ್ದರೆ ನಿಮ್ಮ ಹೇಳಿಕೆಯನ್ನು ನೀವೇ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ವಿಚಾರಣಾ ವರದಿಯನ್ನೇ ಕೊಟ್ಟಿಲ್ಲವೇ? ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಿ. ‘ತನಿಖೆಗೆ ಅಡ್ಡಿಯಾಗುತ್ತದೆ’ ಎಂದು ನಿರಾಕರಿಸಿದರೆ, ಮುಕ್ತಾಯವಾಗಿದೆ ಎಂದು ಅವರೇ ಕೊಟ್ಟ ಹಿಂಬರಹದ ಪ್ರತಿಯನ್ನು ಮೇಲ್ಮನವಿಗೆ ಲಗತ್ತಿಸಿ.

ಠಾಣೆಯ ಸಿಸಿಟಿವಿ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಇಟ್ಟಿರಬೇಕು ಎಂದು ಹೇಳಿದೆ. ದಿನಾಂಕ, ಗಂಟೆ ಬರೆದು, ದೃಶ್ಯ ಅಳಿಸದಂತೆ ಕಾಪಾಡಿ ಎಂದು ಇವತ್ತೇ ಅರ್ಜಿ ಕಳಿಸಿ.

ಎಸ್‌ಪಿ ಹಂತದಲ್ಲಿ ಆಗದಿದ್ದರೆ ವಲಯದ ಐಜಿ, ಆಮೇಲೆ ಡಿಜಿಪಿ. ಇಲಾಖೆಯ ಹೊರಗೆ ಪೊಲೀಸ್ ದೂರು ಪ್ರಾಧಿಕಾರ ಇದೆ. ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನಿಂದ ಬಂದದ್ದು. ಡಿವೈಎಸ್‌ಪಿ ಮತ್ತು ಕೆಳಗಿನವರ ಮೇಲಿನ ದೂರು ಜಿಲ್ಲಾ ಪ್ರಾಧಿಕಾರಕ್ಕೆ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯ ಪ್ರಾಧಿಕಾರಕ್ಕೆ. ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು, ಶುಲ್ಕ ಇಲ್ಲ. ಆದರೆ ಘಟನೆ ನಡೆದು ಒಂದು ವರ್ಷ ದಾಟಿರಬಾರದು. ರಾಜ್ಯ ಆಯೋಗದಲ್ಲಿ ದೂರು ಬಾಕಿ ಇರುವಾಗ ರಾಷ್ಟ್ರೀಯ ಆಯೋಗ ಅದನ್ನು ಎತ್ತಿಕೊಳ್ಳುವುದಿಲ್ಲ. ಹಾಗಾಗಿ ಸುಮ್ನೆ ಎರಡೂ ಕಡೆ ಹಾಕಬೇಡಿ.

ಎಫ್‌ಐಆರ್ ಆಗಿ ‘ಬಿ ರಿಪೋರ್ಟ್’, ಅಂದರೆ ಕೇಸು ಮುಗಿಸಿ ಎಂದು ಪೊಲೀಸರು ಕೋರ್ಟಿಗೆ ಕೊಡುವ ವರದಿ, ಹಾಕಿದ್ದರೆ ದಾರಿ ಕೋರ್ಟಿನದು. ಅದನ್ನು ಒಪ್ಪುವ ಮೊದಲು ದೂರುದಾರರ ಮಾತು ಕೇಳಲೇಬೇಕು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ನೋಟಿಸ್ ಬಂದಾಗ ಹಾಜರಾಗಿ ಪ್ರೊಟೆಸ್ಟ್ ಪಿಟಿಷನ್, ಅಂದರೆ ಆ ವರದಿಗೆ ಆಕ್ಷೇಪಣೆ ಅರ್ಜಿ, ಹಾಕಿ. ಎಫ್‌ಐಆರೇ ಆಗಿಲ್ಲವೆಂದರೆ, ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) ಕಲಂ 173(4)ರ ಪ್ರಕಾರ ಮೊದಲು ಎಸ್‌ಪಿಗೆ ಅಂಚೆಯಲ್ಲಿ ದೂರು, ಆಮೇಲೆ ಮ್ಯಾಜಿಸ್ಟ್ರೇಟರಿಗೆ ಅಫಿಡವಿಟ್ ಸಮೇತ ಅರ್ಜಿ. ಅಂಚೆ ರಸೀದಿ ಇಲ್ಲದೆ ಅಲ್ಲಿಗೆ ಹೋಗಬೇಡಿ. ಕೆಲಸದ ಮೇಲಿದ್ದಾಗ ಮಾಡಿದ್ದೆಂಬ ಆರೋಪವಾದರೆ ಮ್ಯಾಜಿಸ್ಟ್ರೇಟರು ಮೇಲಧಿಕಾರಿಯ ವರದಿ ತರಿಸಿಕೊಳ್ಳುತ್ತಾರೆ, ಆರೋಪಿತ ಅಧಿಕಾರಿಯ ಮಾತನ್ನೂ ನೋಡುತ್ತಾರೆ. ಕಲಂ 175(4) ಇರುವುದೇ ಹಾಗೆ. ಗಾಬರಿಯಾಗಬೇಡಿ.

ಈ ಹಂತಕ್ಕೆ ವಕೀಲರು ಬೇಕು. ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ.