ಬಿದ್ದಿಲ್ಲ, ಉಳುಕಿಲ್ಲ, ಆದರೂ ‘ಲಿಗಮೆಂಟ್ ಹರಿದಿದೆ’ ಅಂತ ರಿಪೋರ್ಟ್ ಬಂದರೆ?

ಕುಕ್ಕರಗಾಲಲ್ಲಿ ಕೂತರೆ ಮೊಣಕಾಲಿನ ಹಿಂದುಗಡೆ ಹಿಡಿದಂತಾಗುತ್ತದೆ. ಕಾಲು ಪೂರ್ತಿ ಮಡಚಲು ಬರುವುದಿಲ್ಲ. ಕೊಪ್ಪಳ, ರಾಯಚೂರು ಕಡೆ ಹೊಲದಲ್ಲಿ ಕೂತು ಕಳೆ ತೆಗೆಯುವವರು, ನೆಲದ ಮೇಲೆ ಕೂತು ರೊಟ್ಟಿ ಬಡಿಯುವವರು ಇದನ್ನು ‘ವಯಸ್ಸಾಯ್ತು, ಸವೆತ’ ಅಂದು ಸುಮ್ಮನಾಗುತ್ತಾರೆ. ಸವೆತವೇ ಇರಬಹುದು. ಇನ್ನೊಂದು ಕಾರಣವೂ ಇದೆ. ಮೊಣಕಾಲಿನ ನಡುವೆ ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಬಿಗಿದಿಡುವ ಎಸಿಎಲ್ ಎಂಬ ಲಿಗಮೆಂಟ್ (ಗಟ್ಟಿ ನಾರಿನ ಪಟ್ಟಿ) ಇದೆ. ಅದರ ಎಳೆಗಳ ಮಧ್ಯೆ ಲೋಳೆಯಂಥ ಪದಾರ್ಥ ತುಂಬಿ ಅದು ಊದಿಕೊಳ್ಳುತ್ತದೆ. ಇದೇ ಮ್ಯೂಕಾಯ್ಡ್ ಡಿಜನರೇಷನ್. ಇಲ್ಲಿ ಲಿಗಮೆಂಟ್ ದಪ್ಪಗಾಗಿರುತ್ತದೆ, ಹರಿದಿರುವುದಿಲ್ಲ.

ಮೊದಲು ಮೂಳೆ ಡಾಕ್ಟರಿಗೆ ಸರಿಯಾಗಿ ಹೇಳಿ: ನೋವು ಎಲ್ಲಿ, ಯಾವಾಗ? ನಡೆಯುವಾಗ ಮೊಣಕಾಲು ಜಾರಿದಂತಾಗಿ ಕೈಕೊಡುತ್ತದಾ?

ಆಮೇಲೆ ಕೈಯಿಂದ ಮಾಡುವ ಪರೀಕ್ಷೆ. ನನ್ನ ಪ್ರಕಾರ ಇದೇ ಮುಖ್ಯ. ಡಾಕ್ಟರು ಕಾಲನ್ನು ಸ್ವಲ್ಪ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆಯುತ್ತಾರೆ. ಲಿಗಮೆಂಟ್ ಹರಿದಿದ್ದರೆ ಕಾಲು ಸಡಿಲವಾಗಿ ಮುಂದೆ ಬರುತ್ತದೆ. ಊದಿದ್ದರೆ ಸಾಮಾನ್ಯವಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಒಂದೆರಡು ನಿಮಿಷದ ಕೆಲಸ. ಮಾಡಿಸದೆ ಎದ್ದು ಬರಬೇಡಿ.

ಸವೆತ ಎಷ್ಟಿದೆ ಅಂತ ನೋಡಲು ನಿಂತು ತೆಗೆಸಿದ ಎಕ್ಸ್‌ರೇ ಬೇಕು. ನಂತರ ಎಂಆರ್‌ಐ. ಅದರಲ್ಲಿ ಊದಿದ ಲಿಗಮೆಂಟ್ ಸೆಲರಿ ದಂಟಿನಂತೆ ಉದ್ದುದ್ದ ಗೆರೆಗಳಾಗಿ ಕಾಣುತ್ತದೆ. ರಿಪೋರ್ಟಿನಲ್ಲಿ ಇದನ್ನೇ ಕೆಲವೊಮ್ಮೆ ‘ಹರಿದಿದೆ’ ಅಂತ ಬರೆದಿರುತ್ತಾರೆ. ಹಾಗಾಗಿ ರಿಪೋರ್ಟ್ ಒಂದೇ ಸಾಲದು, ಫಿಲ್ಮನ್ನೂ ಒಯ್ಯಿರಿ. ‘ಎಳೆಗಳು ಮೇಲಿಂದ ಕೆಳಗಿನವರೆಗೆ ಇದಾವಾ?’ ಅಂತ ಕೇಳಿ. ನೋವೇ ಇಲ್ಲದವರಲ್ಲೂ ಈ ಊತ ಕಾಣಿಸುವುದುಂಟು. ಅವರಿಗೆ ಆಪರೇಷನ್ ಬೇಡ.

ನೋವಿದ್ದರೆ ಮೊದಲು ಮಾತ್ರೆ, ಫಿಸಿಯೋಥೆರಪಿ, ಕುಕ್ಕರಗಾಲಿಗೆ ವಿರಾಮ. ತಿಂಗಳುಗಟ್ಟಲೆ ಕಾದರೂ ತಗ್ಗದಿದ್ದರೆ ಆರ್ತ್ರೋಸ್ಕೋಪಿ. ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ, ಹಳದಿಯಾಗಿ ಊದಿದ ಭಾಗವನ್ನಷ್ಟೇ ಕೆರೆದು ತೆಗೆದು, ಒಳ್ಳೆಯ ಎಳೆಗಳನ್ನು ಉಳಿಸುತ್ತಾರೆ. ಜಾಗ ಇಕ್ಕಟ್ಟಾಗಿದ್ದರೆ ಪಕ್ಕದ ಮೂಳೆಯನ್ನೂ ತುಸು ಕೊರೆಯುತ್ತಾರೆ. ಟೇಬಲ್ ಮೇಲೆಯೇ ಕಾಲು ಮಡಚಿ ನೋಡುತ್ತಾರೆ. ತೆಗೆದ ಚೂರು ಲ್ಯಾಬಿಗೆ ಹೋಗುತ್ತದೆ. ಜಾಸ್ತಿ ತೆಗೆದರೆ ಮೊಣಕಾಲು ಸಡಿಲವಾಗಬಹುದು. ಎಷ್ಟು ತೆಗೆಯುತ್ತೀರಿ, ಎಷ್ಟು ಉಳಿಸುತ್ತೀರಿ ಅಂತ ಮುಂಚೆಯೇ ಕೇಳಿ.

ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ಕಾಲೇಜು, ಜನ ಈಗಲೂ ವಿಮ್ಸ್ ಅನ್ನುವ ಬಳ್ಳಾರಿಯ ಸರ್ಕಾರಿ ಆಸ್ಪತ್ರೆ, ಮೂರು ಕಡೆಯೂ ಮೂಳೆ ವಿಭಾಗವಿದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಈ ಆಪರೇಷನ್ ಅದರಲ್ಲಿ ಬರುತ್ತದಾ ಅಂತ ದಾಖಲಾಗುವ ಮೊದಲೇ ವಿಚಾರಿಸಿ, ಕಾರ್ಡು ಜೊತೆಗಿರಲಿ.