ಸಿಗ್ನಲ್ ಇಲ್ಲ ಅಂತ ಬಂದರೆ ಮೊದಲು ಡಿಶ್ ಮುಟ್ಟಬೇಡಿ

ಹದಿನಾರು ವರ್ಷದಿಂದ ಬೆಂಗಳೂರಿನ ಮಹಡಿಗಳನ್ನು ಹತ್ತಿ ಇಳಿಯುತ್ತಿದ್ದೇನೆ. ಶ್ರೀನಗರ, ಹನುಮಂತನಗರ, ಗಿರಿನಗರ, ಕತ್ರಿಗುಪ್ಪೆ, ಈ ಸುತ್ತಿನಲ್ಲೇ ನನ್ನ ಕೆಲಸ ಹೆಚ್ಚು. ಫೋನ್ ಮಾಡುವವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಪಿಕ್ಚರ್ ಕಟ್ ಕಟ್ ಆಗ್ತಿತ್ತು ಅಣ್ಣಾ, ಮಗ ಮೇಲೆ ಹೋಗಿ ಡಿಶ್ ಸ್ವಲ್ಪ ತಿರುಗಿಸಿದ, ಈಗ ಪೂರ್ತಿ ಹೋಯ್ತು." ಹೋಗಿ ನೋಡಿದರೆ ಡಿಶ್ ಮೊದಲು ಸರಿಯಾಗೇ ಇತ್ತು, ತೊಂದರೆ ಇದ್ದದ್ದು ವೈರಿನಲ್ಲಿ. ಈಗ ಒಂದರ ಜಾಗದಲ್ಲಿ ಎರಡು ತೊಂದರೆ. ಆದ್ದರಿಂದ ಕೈ ಮುಗಿದು ಕೇಳುತ್ತೇನೆ, ಸ್ಪ್ಯಾನರ್ ಹಿಡಿದು ಮೆಟ್ಟಿಲು ಹತ್ತುವ ಮುಂಚೆ ಟಿವಿ ಮುಂದೆ ಹತ್ತು ನಿಮಿಷ ಕೂತುಕೊಳ್ಳಿ.

ರಿಮೋಟಿನಲ್ಲಿ ಮೆನು ಒತ್ತಿ ಸಿಗ್ನಲ್ ತೋರಿಸುವ ಪುಟ ತೆಗೆಯಿರಿ. ಎರಡು ಗೆರೆ ಇರುತ್ತವೆ, ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಸ್ಟ್ರೆಂತ್ ಅಂದರೆ ವೈರಿನಲ್ಲಿ ಏನೋ ಬರುತ್ತಿದೆ ಅನ್ನುವುದಷ್ಟೇ. ಆ ಬರುತ್ತಿರುವುದು ನಮ್ಮ ಉಪಗ್ರಹದ್ದೇ, ಓದುವಷ್ಟು ಸ್ವಚ್ಛವಾಗಿದೆ ಅಂತ ಹೇಳುವುದು ಕ್ವಾಲಿಟಿ. ಎರಡೂ ಸೊನ್ನೆ ಇದ್ದರೆ ವೈರು, ವೈರಿನ ತುದಿಗೆ ತಿರುಗಿಸಿ ಹಾಕುವ ಕನೆಕ್ಟರ್, ಅಥವಾ ಡಿಶ್ ಮುಂದೆ ಕಡ್ಡಿಯ ತುದಿಯಲ್ಲಿ ತರಂಗ ಹಿಡಿಯುವ ಸಣ್ಣ ಡಬ್ಬಿ, ಅಂದರೆ ಎಲ್‌ಎನ್‌ಬಿ ಮೇಲೆ ಅನುಮಾನ ಪಡಿ. ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಮಾತ್ರ ಸೊನ್ನೆ ಆದರೆ ಡಿಶ್ ಸರಿದಿದೆ, ಇಲ್ಲವೇ ಎದುರಿಗೆ ಏನೋ ಅಡ್ಡ ಬಂದಿದೆ.

ಕೆಲವು ಚಾನೆಲ್ ಬರುತ್ತೆ, ಕೆಲವು ಬರಲ್ಲ ಅನ್ನುವ ದೂರು ಬೇರೆಯದು. ಉಪಗ್ರಹ ಕೆಲವು ಚಾನೆಲ್‌ಗಳನ್ನು ಲಂಬವಾಗಿ, ಇನ್ನು ಕೆಲವನ್ನು ಅಡ್ಡವಾಗಿ ಕಂಪಿಸುವ ತರಂಗದಲ್ಲಿ ಕಳಿಸುತ್ತದೆ. ನಿಮ್ಮ ಸೆಟ್-ಟಾಪ್ ಬಾಕ್ಸೇ ಅದೇ ವೈರಿನ ಮೂಲಕ ಎಲ್‌ಎನ್‌ಬಿಗೆ ಕರೆಂಟ್ ಕಳಿಸುತ್ತದೆ. 13 ವೋಲ್ಟ್ ಕಳಿಸಿದರೆ ಲಂಬ ತರಂಗ, 18 ವೋಲ್ಟ್ ಕಳಿಸಿದರೆ ಅಡ್ಡ ತರಂಗ ಹಿಡಿಯುತ್ತದೆ. ತುಕ್ಕು ಹಿಡಿದ ವೈರಿನಲ್ಲಿ ಆ 18 ವೋಲ್ಟ್ ಎಲ್‌ಎನ್‌ಬಿ ಮುಟ್ಟುವಷ್ಟರಲ್ಲಿ ಇಳಿದು ಹೋಗುತ್ತದೆ, ಅಡ್ಡ ತರಂಗದ ಚಾನೆಲ್‌ಗಳೆಲ್ಲ ಒಟ್ಟಿಗೆ ಮಾಯ. ಡಿಶ್ ಎಷ್ಟು ತಿರುಗಿಸಿದರೂ ಅವು ಬರುವುದಿಲ್ಲ.

ಇನ್ನು ಮಳೆ. ಜೋರು ಮಳೆ ಸುರಿಯುವಾಗ ಹತ್ತು ಹದಿನೈದು ನಿಮಿಷ ಟಿವಿ ನಿಂತರೆ ಅದು ಸಹಜ. ಈ ತರಂಗಗಳನ್ನು ನೀರು ಹೀರುತ್ತದೆ, ಅದಕ್ಕೆ ಯಾರೂ ಏನೂ ಮಾಡಲಾಗದು. ಆದರೆ ಜಿಟಿಜಿಟಿ ಹನಿಗೂ ಪಿಕ್ಚರ್ ಒಡೆಯುತ್ತಿದ್ದರೆ ಡಿಶ್ ಕೂದಲೆಳೆಯಷ್ಟು ಸರಿದಿದೆ ಅಂತ ತಿಳಿಯಿರಿ. ಮಳೆ ನಿಂತ ಮೇಲೂ ಬಾರದೆ, ಮಾರನೇ ದಿನ ಬಿಸಿಲು ಕಾದ ಮೇಲೆ ತಾನಾಗಿ ಬಂದರೆ ಕನೆಕ್ಟರ್ ಒಳಗೋ ಎಲ್‌ಎನ್‌ಬಿ ಒಳಗೋ ನೀರು ಹೋಗಿದೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ದೂರದರ್ಶನದ ಉಚಿತ ಫ್ರೀ ಡಿಶ್ ಇರುವ ಮನೆಗಳಲ್ಲಿ ಆಗ ಬೆಳಗ್ಗೆ ಹನ್ನೊಂದರ ಸುಮಾರಿಗೆ ಕೆಲವು ನಿಮಿಷ ಟಿವಿ ಹೋಗಿ ಬರುತ್ತದೆ. ಸುಮ್ಮನೆ ಕಾಯಿರಿ.

ಕನೆಕ್ಟರ್ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಹನುಮಂತನಗರದ ಒಂದು ಮನೆಗೆ ಹೋಗಿದ್ದೆ. ಅಜ್ಜಿಯೊಬ್ಬರಿಗೆ ಚಂದನ ಬರುತ್ತಿರಲಿಲ್ಲ. ಎರಡು ಗಂಟೆ ಬಿಸಿಲಲ್ಲಿ ಡಿಶ್ ತಿರುಗಿಸಿದೆ. ಅಜ್ಜಿ ಮಜ್ಜಿಗೆ ಕೊಟ್ಟು, "ಅಲ್ಲಪ್ಪಾ, ಸುಣ್ಣ ಬಳಿಯೋರು ಬಂದಾಗ ಟಿವಿನ ಆ ಗೋಡೆಯಿಂದ ಈ ಗೋಡೆಗೆ ಇಟ್ರು, ಅವತ್ತಿಂದ ಹಿಂಗಾಗಿದೆ" ಅಂದರು. ಬಾಕ್ಸಿನ ಹಿಂದಿನ ಕನೆಕ್ಟರ್ ಬಿಚ್ಚಿದೆ. ವೈರಿನ ಕವಚದ ಕೆಳಗೆ ಹೆಣೆದಿರುವ ಜಾಲರಿಯ ಒಂದೇ ಒಂದು ಎಳೆ, ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ, ನಡುವಿನ ತಂತಿಗೆ ತಾಗಿತ್ತು. ಅದನ್ನು ಕತ್ತರಿಸಿ ಹಾಕಿ, ನಾನೇ ಕೆಡಿಸಿದ್ದ ಡಿಶ್ ಮತ್ತೆ ಕೂರಿಸಿದ ಮೇಲೆ ಚಂದನ ಬಂತು. ಏನಾಯ್ತು ಅಂತ ಮನೆಯವರನ್ನು ಮೊದಲು ಕೇಳುವುದನ್ನು ಅವತ್ತಿನಿಂದ ಬಿಟ್ಟಿಲ್ಲ.

ನೀವೂ ಇದನ್ನು ಮಾಡಬಹುದು. ಮೊದಲು ಬಾಕ್ಸಿನ ಪ್ಲಗ್ ಕಿತ್ತುಬಿಡಿ, ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಹಳೇ ಕನೆಕ್ಟರ್ ತಿರುಗಿಸಿ ತೆಗೆಯಿರಿ. ನಡುವಿನ ತಂತಿ ಫಳಫಳ ಅನ್ನಬೇಕು. ಕಪ್ಪಗೋ ಹಸಿರಾಗೋ ಇದ್ದರೆ ವೈರನ್ನು ಒಳ್ಳೆಯ ಭಾಗ ಸಿಗುವವರೆಗೆ ಕತ್ತರಿಸಿ. ಹೊರಗಿನ ಕವಚ ಒಂದೂವರೆ ಸೆಂಟಿಮೀಟರ್ ಬಿಡಿಸಿ, ಜಾಲರಿಯನ್ನು ಹಿಂದಕ್ಕೆ ಮಡಚಿ, ಒಂದು ಎಳೆಯೂ ಮುಂದೆ ಉಳಿಯದಂತೆ ಬೆರಳಲ್ಲಿ ಸವರಿ. ಒಳಗಿನ ಬಿಳಿ ಭಾಗವನ್ನು ತುದಿಯಲ್ಲಿ ಸುಲಿದು, ಹೊಸ ಕನೆಕ್ಟರ್ ಬಿಗಿಯಾಗಿ ತಿರುಗಿಸಿ. ಬಿಳಿ ಭಾಗ ಕನೆಕ್ಟರಿನ ಒಳತಳಕ್ಕೆ ಸಮವಾಗಿ ಕೂರಬೇಕು, ತಂತಿ ಕನೆಕ್ಟರಿನ ಬಾಯಿಂದ ಒಂದೆರಡು ಮಿಲಿಮೀಟರ್ ಮಾತ್ರ ಹೊರಗೆ ಕಾಣಬೇಕು. ವೈರಿನ ಮೇಲೆ ಆರ್‌ಜಿ-6 ಅಂತ ಅಚ್ಚಾಗಿದೆಯೋ ನೋಡಿ, ಡಿಶ್‌ಗೆ ಬೇಕಾದ ವೈರಿನ ಬಗೆ ಅದು. ಹಳೇ ಕೇಬಲ್ ಟಿವಿಯ ಸಣ್ಣ ವೈರು, ಅದರ ಸ್ಪ್ಲಿಟರ್ (ಒಂದು ವೈರನ್ನು ಎರಡಾಗಿ ಒಡೆಯುವ ಡಬ್ಬಿ) ಮಧ್ಯೆ ಸೇರಿಕೊಂಡಿದ್ದರೆ ತೆಗೆದುಹಾಕಿ.

ಬಾಕ್ಸ್ ಹಾಳಾಗಿದೆಯೋ ವೈರೋ ಅಂತ ಗೊತ್ತಾಗದಿದ್ದರೆ ಪಕ್ಕದ ಮನೆಯಲ್ಲಿ ಅದೇ ಕಂಪನಿಯ ಡಿಶ್ ಇದೆಯೋ ವಿಚಾರಿಸಿ. ನಿಮ್ಮ ಬಾಕ್ಸನ್ನು ಅವರ ವೈರಿಗೆ ಐದು ನಿಮಿಷ ಹಾಕಿ ನೋಡಿ. ಅಲ್ಲಿ ಬಂದರೆ ಬಾಕ್ಸ್ ಸರಿ ಇದೆ.

ಈಗ ಮೇಲೆ ಹೋಗಿ. ಗುಡುಗು ಮಿಂಚು ಇದ್ದಾಗ ಬೇಡ, ಪ್ಯಾರಪೆಟ್ ಇಲ್ಲದ ಮಹಡಿಗೆ ಒಬ್ಬರೇ ಬೇಡ, ಶೀಟಿನ ಮೇಲೆ ಕಾಲಿಡಲೇ ಬೇಡಿ. ಕರೆಂಟ್ ಕಂಬದ ತಂತಿ ಹತ್ತಿರ ಇದ್ದರೆ ಕೆಲಸ ತಿಳಿದವರನ್ನು ಕರೆಯಿರಿ.

ಮೊದಲು ಎಲ್‌ಎನ್‌ಬಿ ಮುಖದ ಪ್ಲಾಸ್ಟಿಕ್ ಮುಚ್ಚಳ ನೋಡಿ. ಬಿಸಿಲಿಗೆ ಬಿರುಕು ಬಿಟ್ಟು ನೀರು ಕುಡಿದಿದ್ದರೆ ಎಲ್‌ಎನ್‌ಬಿ ಬದಲಿಸುವುದೇ ದಾರಿ. ಆಮೇಲೆ ಕಂಬ. ಡಿಶ್ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿರುವುದನ್ನು ಪ್ರತಿ ವಾರ ನೋಡುತ್ತೇನೆ. ಒದ್ದೆ ಬೆಡ್‌ಶೀಟಿನ ಭಾರಕ್ಕೆ ಕಂಬ ವಾಲುತ್ತದೆ. 60 ಸೆಂಟಿಮೀಟರ್ ಡಿಶ್ ಅಂಚಿನಲ್ಲಿ ಒಂದು ಸೆಂಟಿಮೀಟರ್ ಸರಿದರೂ ಆಕಾಶದಲ್ಲಿ ಸುಮಾರು ಎರಡು ಡಿಗ್ರಿ ತಪ್ಪುತ್ತದೆ, ಸಿಗ್ನಲ್ ಹೋಗಲು ಅಷ್ಟು ಸಾಕು. ದಯವಿಟ್ಟು ಹಗ್ಗಕ್ಕೆ ಬೇರೆ ಜಾಗ ಮಾಡಿ.

ಅಡ್ಡ ಏನಿದೆ ಅಂತ ನೋಡುವಾಗ ಜನ ಎಡವುವುದು ಒಂದು ಕಡೆ. ಡಿಶ್ ಮುಖ ಎತ್ತ ಇದೆಯೋ ಅತ್ತಲೇ ನೋಡುತ್ತಾರೆ. ನಮ್ಮ ಮನೆಗಳ ಡಿಶ್ ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತದೆ. ಉಪಗ್ರಹಗಳು ಸಮಭಾಜಕದ ಮೇಲೆ, ಸುಮಾರು 35,786 ಕಿ.ಮೀ. ಎತ್ತರದಲ್ಲಿವೆ. ಬೆಂಗಳೂರು ಅದಕ್ಕೆ 13 ಡಿಗ್ರಿ ಉತ್ತರಕ್ಕಿದೆ, ಜೊತೆಗೆ ಮನೆಯ ಡಿಶ್‌ಗೆ ನೇರವಾಗಿ ಟಿವಿ ಕಳಿಸುವ ಡಿಟಿಎಚ್ ಉಪಗ್ರಹಗಳು ನಮಗಿಂತ ಪೂರ್ವಕ್ಕಿವೆ. ಅದಕ್ಕೇ ಊರಿನ ಡಿಶ್‌ಗಳೆಲ್ಲ ಆಗ್ನೇಯದ ಕಡೆ ಮುಖ ಮಾಡಿರುವುದು. ಫ್ರೀ ಡಿಶ್ ಹಿಡಿಯುವ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ, ಇಲ್ಲಿಂದ ನೋಡಿದರೆ ದಿಗಂತದಿಂದ ಸುಮಾರು 66 ಡಿಗ್ರಿ ಮೇಲೆ. ಹಾಗಾಗಿ ಎದುರು ಮನೆಯವರು ಎತ್ತರಿಸಿದ ಮಹಡಿಗಿಂತ, ನಿಮ್ಮದೇ ಕಾಂಪೌಂಡಿನ ತೆಂಗಿನ ಮರದ ಗರಿ, ಪಕ್ಕದ ನೀರಿನ ಟ್ಯಾಂಕು ಹೆಚ್ಚು ಕಾಡುತ್ತವೆ. ಗಾಳಿ ಬೀಸಿದಾಗ ಮಾತ್ರ ಪಿಕ್ಚರ್ ಒಡೆದರೆ ಗರಿಯ ಕೆಲಸವೇ ಅದು. ಮರ ಕಡಿಯುವ ಮಾತು ಬೇಡ, ಡಿಶ್ ಎರಡು ಮೂರು ಅಡಿ ಪಕ್ಕಕ್ಕೆ ಸರಿಸಿದರೆ ಎಷ್ಟೋ ಸಲ ಸಾಕಾಗುತ್ತದೆ.

ಇಷ್ಟಾದ ಮೇಲೂ ಡಿಶ್ ತಿರುಗಿಸಲೇಬೇಕು ಅಂತಾದರೆ, ಈಗಿರುವ ಜಾಗವನ್ನು ಕಂಬದ ಮೇಲೂ ಬ್ರಾಕೆಟ್ ಮೇಲೂ ಮಾರ್ಕರಿನಲ್ಲಿ ಗೆರೆ ಎಳೆದು ಗುರುತು ಮಾಡಿ, ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕಂಬ ನೆಟ್ಟಗಿದೆಯೋ ನೋಡಿ. ಒಬ್ಬರು ಕೆಳಗೆ ಟಿವಿ ಮುಂದೆ ಫೋನ್ ಹಿಡಿದು ಕೂರಲಿ, ಕ್ವಾಲಿಟಿ ಅಂಕಿ ಮಾತ್ರ ಹೇಳಲಿ. ಬೋಲ್ಟು ಸ್ವಲ್ಪವೇ ಸಡಿಲಿಸಿ, ಅಡ್ಡಡ್ಡ ಮಾತ್ರ, ಡಿಶ್ ಅಂಚಿನಲ್ಲಿ ಎರಡು ಮೂರು ಮಿಲಿಮೀಟರಿನಷ್ಟು ಸರಿಸಿ ಮೂರು ನಾಲ್ಕು ಸೆಕೆಂಡ್ ನಿಲ್ಲಿ. ಬಾಕ್ಸಿಗೆ ಅಷ್ಟು ಸಮಯ ಬೇಕು. ಅಂಕಿ ಏರಿ, ಮತ್ತೆ ಇಳಿಯುವವರೆಗೆ ಹೋಗಿ, ಏರಿದ್ದ ಜಾಗಕ್ಕೆ ವಾಪಸ್ ತನ್ನಿ. ಆಮೇಲೆ ಮೇಲೆ ಕೆಳಗೆ ಇದೇ ರೀತಿ. ಕೊನೆಗೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಒಂಚೂರು ಹೊರಳಿಸಿ ನೋಡಿ. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಬಿಗಿಮಾಡುವಾಗಲೇ ಡಿಶ್ ಸರಿಯುವುದು, ಅದಕ್ಕೇ ಕೆಳಗಿರುವವರು ಕೊನೇ ಬೋಲ್ಟಿನವರೆಗೂ ಅಂಕಿ ಹೇಳುತ್ತಿರಲಿ. ಎಲ್‌ಎನ್‌ಬಿ ಹತ್ತಿರ ವೈರನ್ನು ಕೆಳಕ್ಕೆ ಒಂದು ಸುತ್ತು ಇಳಿಬಿಟ್ಟು ಕಟ್ಟಿ, ಮಳೆನೀರು ಕನೆಕ್ಟರಿಗೆ ಹೋಗದೆ ಆ ಸುತ್ತಿನ ತಳದಿಂದ ತೊಟ್ಟಿಕ್ಕಲಿ.